ಕೊಡಗಿನ ಸಸ್ಯಹೇನುಗಳು: ಯಾವ ಗಿಡದಲ್ಲಿ ಯಾವ ಹೇನು? ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದಿಂದ ಕಿತ್ತ ಚಿಗುರೊಂದನ್ನು ಹಿಡಿದು ಬಂದವರು ಕೇಳುವ ಮೊದಲ ಮಾತು, "ಇದಕ್ಕೆ ಏನು ಹೊಡೆಯಬೇಕು?" ಎಂದು. ನನ್ನ ಮರುಪ್ರಶ್ನೆ ಯಾವಾಗಲೂ ಒಂದೇ: "ಇದನ್ನು ಯಾವ ಗಿಡದಿಂದ ಕಿತ್ತಿರಿ?" ಸಸ್ಯಹೇನಿನ ಮಟ್ಟಿಗೆ ಗಿಡವೇ ಅದರ ಊರು, ಗಿಡವೇ ಅದರ ಮನೆತನ. ಗಿಡದ ಹೆಸರು ತಿಳಿದರೆ ಅರ್ಧ ಉತ್ತರ ಸಿಕ್ಕಿದಂತೆ. ವರ್ಷಗಳಿಂದ ಬೆಳೆಗಾರರೂ ವಿದ್ಯಾರ್ಥಿಗಳೂ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ಸಸ್ಯಹೇನು ಎಂದರೆ ಯಾವುದು? ಹಿಟ್ಟು ತಿಗಣೆಯೂ ಇದೂ ಒಂದೇ ಅಲ್ಲವೇ?

ಅಲ್ಲ. ಎರಡೂ ಗಿಡದ ರಸ ಹೀರುತ್ತವೆ, ಎರಡೂ ಸಿಹಿಯಾದ ಅಂಟು ಸುರಿಸುತ್ತವೆ, ಎರಡರ ಸುತ್ತಲೂ ಇರುವೆ ಓಡಾಡುತ್ತದೆ. ಆದ್ದರಿಂದಲೇ ಗೊಂದಲ. ಸಸ್ಯಹೇನು 1ರಿಂದ 4 ಮಿಲಿಮೀಟರ್ ಉದ್ದದ, ಪೇರಳೆಹಣ್ಣಿನ ಆಕಾರದ ಮೆತ್ತನೆಯ ಕೀಟ. ಅದರ ಬೆನ್ನಿನ ಹಿಂಭಾಗದಲ್ಲಿ ಎರಡು ಸಣ್ಣ ಕೊಳವೆಗಳು ಹೊರಚಾಚಿರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ಆ ಕೊಳವೆಗಳು ಕಂಡರೆ ಅದು ಹೇನೇ. ಆದರೆ ಬಿದಿರು, ತಾಳೆ ಮತ್ತು ಹುಲ್ಲಿನ ಬೇರಿನಲ್ಲಿರುವ ಕೆಲವು ಹೇನುಗಳಲ್ಲಿ ಈ ಕೊಳವೆ ಕೇವಲ ಉಂಗುರದಷ್ಟು ಕುಗ್ಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಹಿಟ್ಟು ತಿಗಣೆ ಬಿಳಿ ಮೇಣದ ಪುಡಿ ಹೊದ್ದುಕೊಂಡು ನಿಧಾನವಾಗಿ ತೆವಳುತ್ತದೆ. ಕಾಫಿ ಎಲೆಯ ನಡುನರದ ಮೇಲೆ ಹಸಿರು ಚುಕ್ಕೆಯಂತೆ ಅಂಟಿಕೊಂಡು, ಮುಟ್ಟಿದರೂ ಕದಲದೆ ಕೂರುವುದು ಹಸಿರು ಶಲ್ಕಕೀಟ. ಕೊಡಗಿನ ಕಾಫಿತೋಟದಲ್ಲಿ "ಹೇನು ಬಂದಿದೆ" ಎಂದು ನನಗೆ ತೋರಿಸಿದ ಗಿಡಗಳಲ್ಲಿ ಬಹುಪಾಲು ಕಂಡದ್ದು ಈ ಶಲ್ಕಕೀಟವೇ.

ಒಟ್ಟು ಎಷ್ಟು ಬಗೆಯ ಹೇನುಗಳಿವೆ? ಇಷ್ಟು ದಟ್ಟ ಕಾಡಿರುವ ಕೊಡಗಿನಲ್ಲಿ ಅವು ಅತಿ ಹೆಚ್ಚು ಇರಬೇಕಲ್ಲವೇ?

ಜಗತ್ತಿನಲ್ಲಿ ಇದುವರೆಗೆ ಹೆಸರಿಸಿದ ಸಸ್ಯಹೇನುಗಳು 5000ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 450 ಬಗೆಗಳು ಬೆಳೆಗಳ ಮೇಲೆ ಕಂಡುಬಂದಿವೆ, ನಿಜವಾದ ನಷ್ಟ ಉಂಟುಮಾಡುವುದು ನೂರರ ಆಸುಪಾಸಿನಷ್ಟು ಮಾತ್ರ.

ಎರಡನೆಯ ಪ್ರಶ್ನೆ ನನಗೆ ಬಹಳ ಇಷ್ಟ, ಏಕೆಂದರೆ ಉತ್ತರ ನಮ್ಮ ನಿರೀಕ್ಷೆಗೆ ತಿರುಗುಮುರುಗು. ಚಿಟ್ಟೆ, ಕಪ್ಪೆ, ಸೀತಾಳೆ ದಂಡೆ, ಯಾವುದನ್ನು ತೆಗೆದುಕೊಂಡರೂ ಬಿಸಿಲು ಮಳೆಯ ನಾಡುಗಳಲ್ಲಿಯೇ ಬಗೆಗಳು ಹೆಚ್ಚು. ಸಸ್ಯಹೇನು ಮಾತ್ರ ತಂಪು ನಾಡಿನ ಸಂಪತ್ತು. ಭಾರತದಲ್ಲಿಯೂ ಸಿಕ್ಕಿಂ, ಡಾರ್ಜಿಲಿಂಗ್, ಮೇಘಾಲಯ ಮತ್ತು ಪಶ್ಚಿಮ ಹಿಮಾಲಯದಲ್ಲಿ ಇವುಗಳ ವೈವಿಧ್ಯ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಾರಣ ಹೀಗೆ ಯೋಚಿಸಿ. ಹೆಚ್ಚಿನ ಹೇನುಗಳು ಒಂದೇ ಗಿಡವನ್ನೋ ಒಂದೇ ಕುಟುಂಬದ ಗಿಡಗಳನ್ನೋ ನೆಚ್ಚಿಕೊಂಡಿರುತ್ತವೆ. ರೆಕ್ಕೆ ಬಂದ ಹೇನಿಗೆ ದಿಕ್ಕು ಹಿಡಿದು ಹಾರುವ ಬಲವಿಲ್ಲ, ಗಾಳಿ ಒಯ್ದಲ್ಲಿಗೆ ಹೋಗಬೇಕು, ಹೆಚ್ಚು ಹೊತ್ತು ಉಪವಾಸ ತಡೆಯಲಾರದು. ಪುಷ್ಪಗಿರಿಯ ಇಳಿಜಾರಿನಲ್ಲಿ ಒಂದು ಮರದ ಪಕ್ಕ ಅದೇ ಜಾತಿಯ ಇನ್ನೊಂದು ಮರ ಸಿಗುವುದೇ ಅಪರೂಪ. ಅಷ್ಟು ಬೆರಕೆ ಕಾಡಿನಲ್ಲಿ ತನ್ನ ಗಿಡವನ್ನು ಹುಡುಕಿ ತಲುಪುವ ಹೇನಿನ ಲೆಕ್ಕ ಕೈಗೂಡುವುದಿಲ್ಲ. ಒಂದೇ ಗಿಡ ಎಕರೆಗಟ್ಟಲೆ ಹಬ್ಬಿರುವಲ್ಲಿ ಮಾತ್ರ ಕೈಗೂಡುತ್ತದೆ. ಕೊಡಗಿನಲ್ಲಿ ಹಾಗಿರುವುದು ಬಿದಿರು ಮೆಳೆ, ಹುಲ್ಲುಗಾವಲು, ಮತ್ತು ನಾವೇ ನೆಟ್ಟ ಏಲಕ್ಕಿ, ಬಾಳೆ, ಕಿತ್ತಳೆ. ಆದ್ದರಿಂದ ಇಲ್ಲಿ ಹೇನು ಹುಡುಕುವವರು ಕಾಡಿನ ನಡುವಿಗಿಂತ ತೋಟದ ಬೇಲಿ, ಗದ್ದೆಯ ಬದು, ಮನೆಯ ಹಿತ್ತಲಿನಿಂದ ಆರಂಭಿಸುವುದು ಒಳ್ಳೆಯದು.

ಏಲಕ್ಕಿಯ ಕಟ್ಟೆ ರೋಗಕ್ಕೂ ಹೇನಿಗೂ ಏನು ಸಂಬಂಧ? ನಮ್ಮ ಗಿಡದಲ್ಲಿ ಹೇನು ಕಾಣಿಸುವುದೇ ಇಲ್ಲವಲ್ಲ?

ಕಾಣಿಸುವುದಿಲ್ಲ, ಏಕೆಂದರೆ ನೀವು ನೋಡುವ ಜಾಗದಲ್ಲಿ ಅದು ಇರುವುದಿಲ್ಲ. ಏಲಕ್ಕಿ ಬುಡಕ್ಕೆ ಹೋಗಿ ಕುಳಿತು, ಒಣಗಿ ಸಡಿಲವಾದ ಹಳೆಯ ಎಲೆಕವಚವನ್ನು ನಿಧಾನವಾಗಿ ಸುಲಿಯಿರಿ. ಕವಚಕ್ಕೂ ದಂಟಿಗೂ ನಡುವಿನ ತೇವದ ಸಂದಿಯಲ್ಲಿ ಕಂದು ಬಣ್ಣದ ಸಣ್ಣ ಹೇನುಗಳು ಗುಂಪಾಗಿ ಕುಳಿತಿರುತ್ತವೆ. ಇದರ ಹೆಸರು ಪೆಂಟಲೋನಿಯಾ ಕಲಾಡಿಯೈ. ರೆಕ್ಕೆಯ ಹೇನಾದರೆ ರೆಕ್ಕೆಯ ನರಗಳ ಅಂಚಿಗೆ ಹೊಗೆ ಹಿಡಿದಂತೆ ಕಪ್ಪು ಬಣ್ಣವಿರುತ್ತದೆ.

ಕಟ್ಟೆ ಎಂಬ ಕನ್ನಡದ ಹೆಸರೇ ಇಂದು ಜಗತ್ತಿನ ವಿಜ್ಞಾನ ಬರಹಗಳಲ್ಲಿ ಈ ರೋಗದ ಹೆಸರಾಗಿ ನಿಂತಿದೆ. ಹೆಸರಿಟ್ಟವರು ಮಲೆಯ ಬೆಳೆಗಾರರು. ರೋಗದ ಗುರುತು ಎಳೆಯ ಎಲೆಯಲ್ಲಿ ಮೊದಲು ಕಾಣುತ್ತದೆ: ನಡುನರದಿಂದ ಅಂಚಿನತ್ತ ಸಾಗುವ, ಒಂದಕ್ಕೊಂದು ಸಮಾನಾಂತರವಾದ ತಿಳಿಹಳದಿ ಗೀರುಗಳು. ಮುಂದೆ ದಂಟಿನ ಕವಚದ ಮೇಲೂ ಮಚ್ಚೆ ಮೂಡುತ್ತದೆ, ಹೊಸ ಕಂದುಗಳು, ಅಂದರೆ ಬುಡದಿಂದ ಏಳುವ ಮರಿಗಿಡಗಳು, ಕುಳ್ಳಾಗುತ್ತ ಬರುತ್ತವೆ. ಎಳೆಯ ಪ್ರಾಯದಲ್ಲಿ ಸೋಂಕು ತಗಲಿದ ಗಿಡದಿಂದ ಫಸಲಿನ ಆಸೆ ಬಿಡಬೇಕು.

ಈ ನಂಜು, ಅಂದರೆ ವೈರಸ್, ಹೇನಿನ ಸೂಜಿಬಾಯಿಯ ತುದಿಗೆ ಅಂಟಿಕೊಂಡು ಸಾಗುತ್ತದೆ. ರೋಗದ ಗಿಡಕ್ಕೆ ಒಮ್ಮೆ ಚುಚ್ಚಿ ರುಚಿ ನೋಡಲು ಬೇಕಾಗುವ ಕೆಲವೇ ನಿಮಿಷಗಳಲ್ಲಿ ನಂಜು ಬಾಯಿಗೆ ಹತ್ತುತ್ತದೆ, ಮುಂದಿನ ಗಿಡಕ್ಕೆ ಚುಚ್ಚಿದಾಗ ಅಷ್ಟೇ ಬೇಗ ದಾಟುತ್ತದೆ. ಹೇನು ಅಲ್ಲಿ ನೆಲೆಸಬೇಕೆಂದಿಲ್ಲ, ಸಂಸಾರ ಹೂಡಬೇಕೆಂದಿಲ್ಲ. ಔಷಧಿ ಬಿದ್ದ ಗಿಡದಲ್ಲಿ ಹೇನು ಸಾಯುವ ಹೊತ್ತಿಗೆ ಅದು ಚುಚ್ಚಿ ಆಗಿರುತ್ತದೆ. ಕಟ್ಟೆಯನ್ನು ಸಿಂಪಡಣೆಯಿಂದ ತಡೆಯಲು ಹೊರಟ ಬೆಳೆಗಾರರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು ಎನಿಸುತ್ತದೆ.

ಉಳಿದಿರುವ ದಾರಿ ಗಿಡದ ಕಡೆಯದು. ಗೀರು ಕಂಡ ಗಿಡವನ್ನು ಗೆಡ್ಡೆ ಸಮೇತ ಕಿತ್ತು ನಾಶಮಾಡಿ. ಒಂದು ಸಲ ಕಿತ್ತು ಸುಮ್ಮನಾಗಬೇಡಿ, ವರ್ಷವಿಡೀ ಸರದಿಯ ಮೇಲೆ ನೋಡುತ್ತಿರಿ. ಕಟ್ಟೆ ಬೀಜದಿಂದ ಬರುವುದಿಲ್ಲ, ಗೆಡ್ಡೆಯಿಂದ ಬರುತ್ತದೆ. ನೆರೆಯ ತೋಟದಿಂದ ಪ್ರೀತಿಗೆ ತಂದ ಎರಡು ಕಂದುಗಳು ಇಡೀ ಮಲೆಗೆ, ಅಂದರೆ ಏಲಕ್ಕಿ ತೋಟಕ್ಕೆ, ರೋಗ ತಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಸಿಮಡಿಯನ್ನು ಹಳೆಯ ತೋಟದಿಂದ ದೂರ ಮಾಡಿ. ಒಣ ಎಲೆಕವಚ ಸುಲಿದು ಬುಡ ಶುಚಿಯಾಗಿಟ್ಟರೆ ಹೇನಿಗೆ ಮನೆಯೇ ಇಲ್ಲದಂತಾಗುತ್ತದೆ. ಮಡಿಕೇರಿ ಸಮೀಪದ ಅಪ್ಪಂಗಳದಲ್ಲಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಕಟ್ಟೆಯನ್ನು ತಾಳಿಕೊಳ್ಳುವ 'ವಿಜೇತ' ಎಂಬ ಹೆಸರಿನ ಏಲಕ್ಕಿ ತಳಿಯನ್ನು ಕೊಟ್ಟಿದೆ.

ಕೊಕ್ಕೆ ಕಂದು ರೋಗವೂ ಇದೇ ಹೇನಿನಿಂದಲೇ?

ಹೌದು, ವಾಹಕ ಇದೇ ಹೇನು, ನಂಜು ಬೇರೆ. ಹೊಸ ಎಲೆ ಹಳೆಯ ಎಲೆಯ ಕವಚದಲ್ಲಿ ಸಿಕ್ಕಿಕೊಂಡು ಕಂದು ಕೊಕ್ಕೆಯಂತೆ ಬಾಗುತ್ತದೆ. ಎಲೆಯ ನರಗಳು ತಿಳಿಯಾಗುತ್ತವೆ, ಎಲೆ ಹರಿದು ಸೀಳಾಗುತ್ತದೆ. ಇದೂ ನಮ್ಮ ಬೆಳೆಗಾರರೇ ಇಟ್ಟ ಹೆಸರು, ರೋಗದ ಚಿತ್ರ ಹೆಸರಿನಲ್ಲಿಯೇ ಇದೆ. ಇದಕ್ಕೂ ಗಿಡ ಕೀಳುವುದೇ ಉಪಾಯ.

ಏಲಕ್ಕಿ ಮಲೆಯ ಸುತ್ತ ಕೆಸು ಬೆಳೆಸಬಾರದು ಎನ್ನುತ್ತಾರೆ. ನಿಜವೇ? ಬಾಳೆಯ ಕತೆಯೇನು?

ಕೆಸುವಿನ ವಿಷಯ ನಿಜ. ಏಲಕ್ಕಿಯ ಹೇನು ಶುಂಠಿಯ ಕುಟುಂಬದಲ್ಲಿಯೂ ಕೆಸುವಿನ ಕುಟುಂಬದಲ್ಲಿಯೂ ಸುಖವಾಗಿ ಬಾಳುತ್ತದೆ. ತೋಡಿನ ಬದಿಯ ಕಾಡುಕೆಸು, ಅಂಗಳದ ಅಂದಕ್ಕೆಂದು ನೆಟ್ಟ ಬಣ್ಣದ ಎಲೆಯ ಕಲಾಡಿಯಂ, ಕಾಡೇಲಕ್ಕಿ ಎಲ್ಲವೂ ಅದಕ್ಕೆ ಆಸರೆ. ಕಕ್ಕಡ ತಿಂಗಳಲ್ಲಿ ಕೆಸುವಿನ ಸಾರಿಲ್ಲದ ಮನೆಯನ್ನು ಕೊಡಗಿನಲ್ಲಿ ಹುಡುಕಬೇಕು. ಹಾಗಾಗಿ ಹಿತ್ತಲಿನ ಕೆಸುವನ್ನೂ ಕಿತ್ತೆಸೆಯಿರಿ ಎಂದು ನಾನು ಹೇಳುವುದಿಲ್ಲ. ಏಲಕ್ಕಿಯ ಸಸಿಮಡಿಯ ಪಕ್ಕದಲ್ಲಿ ಮತ್ತು ಮಲೆಯ ಒಳಗೆ ಮಾತ್ರ ಬೇಡ.

ಬಾಳೆಯ ಹೇನು ಪೆಂಟಲೋನಿಯಾ ನೈಗ್ರೋನರ್ವೋಸಾ. ಬಹುಕಾಲ ಈ ಎರಡನ್ನೂ ಒಂದೇ ಎಂದು ಎಣಿಸಿದ್ದರು. ಹಳೆಯ ಪುಸ್ತಕಗಳಲ್ಲಿ ಏಲಕ್ಕಿಯ ಹೇನಿಗೂ ಬಾಳೆಯ ಹೇನಿನ ಹೆಸರೇ ಇದೆ. 2010ರಲ್ಲಿ ದೇಹದ ಅಳತೆ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿ ನೋಡಿ ಇವು ಬೇರೆ ಬೇರೆ ಪ್ರಭೇದಗಳೆಂದು ತೀರ್ಮಾನಿಸಿದರು. ಗಿಡದ ಆಯ್ಕೆ ಬೇರೆಯಾಗಿತ್ತು ಎಂಬುದೇ ಮೊದಲ ಸುಳಿವು: ಏಲಕ್ಕಿಯ ಹೇನಿಗೆ ಬಾಳೆಗಿಂತ ಏಲಕ್ಕಿ ಮತ್ತು ಕೆಸು ಇಷ್ಟ.

ಬಾಳೆಯ ಹೇನು ಹರಡುವುದು ಗೊಂಚಲು ತಲೆ ರೋಗವನ್ನು. ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲಾಗಿ ನಿಲ್ಲುತ್ತವೆ. ಎಲೆಯ ತೊಟ್ಟಿನ ಮೇಲೆ ಕಡುಹಸಿರಿನ ಚುಕ್ಕೆ ಮತ್ತು ಗೆರೆಗಳು ಕಾಣುತ್ತವೆ. ಇಲ್ಲಿ ನಂಜು ಹೇನಿನ ಬಾಯಿತುದಿಯಲ್ಲಿ ನಿಲ್ಲದೆ ದೇಹದೊಳಗೆ ಸುತ್ತಿ ಬರುತ್ತದೆ. ಅದನ್ನು ಪಡೆಯಲು ಹೇನು ಗಂಟೆಗಟ್ಟಲೆ ಹೀರಬೇಕು, ಪಡೆದ ಮೇಲೆ ವಾರಗಟ್ಟಲೆ ಹೊತ್ತು ತಿರುಗುತ್ತದೆ. ಆದ್ದರಿಂದ ಬಾಳೆಯಲ್ಲಿ ಹೇನನ್ನು ಕೊಂದರೆ ಸ್ವಲ್ಪ ಫಲವುಂಟು. ರೋಗದ ಗಿಡ ಕಡಿಯುವ ಮೊದಲು ಹೇನನ್ನು ಕೊಲ್ಲಿ, ಇಲ್ಲವಾದರೆ ಅವು ಪಕ್ಕದ ಗಿಡಕ್ಕೆ ವಲಸೆ ಹೋಗುತ್ತವೆ. ಕಾಫಿಯ ನಡುವೆ ನೆರಳಿಗೂ ತಿನ್ನುವುದಕ್ಕೂ ಬಾಳೆ ಇಟ್ಟವರು ರೋಗವಿಲ್ಲದ ತೋಟದ ಕಂದು ಅಥವಾ ಅಂಗಾಂಶ ಕೃಷಿಯ ಸಸಿ ತಂದರೆ ಒಳ್ಳೆಯದು.

ಕಾಫಿಗೆ ಹೇನಿನಿಂದ ಅಪಾಯವಿದೆಯೇ?

ದೊಡ್ಡ ಅಪಾಯವಿಲ್ಲ. ಕಾಫಿ ಚಿಗುರಿನಲ್ಲಿ ಕಾಣುವುದು ಕಪ್ಪು ಅಥವಾ ಕಡುಗಂದು ಬಣ್ಣದ ಟಾಕ್ಸಾಪ್ಟೆರಾ ಆರಾಂಟಿಯೈ. ಇದು ಒಂದೇ ಗಿಡಕ್ಕೆ ಕಟ್ಟುಬಿದ್ದ ಹೇನಲ್ಲ. ಚಹಾ, ಕೋಕೋ, ಕಿತ್ತಳೆ, ನಿಂಬೆ ಸೇರಿ ನೂರಕ್ಕೂ ಹೆಚ್ಚು ಬಗೆಯ ಗಿಡಗಳಲ್ಲಿ ದಾಖಲಾಗಿದೆ. ಎಳೆಯ ಎಲೆ ಸುರುಳಿಯಾಗುತ್ತದೆ, ನರ್ಸರಿಯ ಸಸಿ ಸ್ವಲ್ಪ ಬಾಡುತ್ತದೆ. ಎಲೆ ಬಲಿತ ಮೇಲೆ ಹೇನೇ ಬಿಟ್ಟುಹೋಗುತ್ತದೆ. ಬೇಡದ ಚಿಗುರು ತೆಗೆಯುವ ಕೆಲಸದಲ್ಲಿಯೇ ಅರ್ಧ ಹೇನು ತೊಲಗುತ್ತದೆ. ಬಿಳಿ ಕಾಂಡಕೊರಕ, ಕಾಯಿಕೊರಕಗಳಿಗೆ ಮೀಸಲಿಡಬೇಕಾದ ಹಣವನ್ನು ಇದಕ್ಕೆ ಸುರಿಯಬೇಡಿ.

ಒಂದು ಸೊಗಸಾದ ಸಂಗತಿ. ಈ ಹೇನಿಗೆ ದನಿ ಇದೆ. ಹಿಂಗಾಲನ್ನು ಹೊಟ್ಟೆಯ ಪಕ್ಕದ ಗೀರುಗಳ ಮೇಲೆ ಉಜ್ಜಿ ಸದ್ದು ಮಾಡುತ್ತದೆ. ದೊಡ್ಡ ಗುಂಪಿರುವ ಚಿಗುರನ್ನು ಕೆಣಕಿ ಕಿವಿಯ ಹತ್ತಿರ ಹಿಡಿದರೆ ಕೆರೆದಂತಹ ಸಣ್ಣ ಶಬ್ದ ಕೇಳುತ್ತದೆ. ಮೊದಲ ಸಲ ಕೇಳಿದ ದಿನ ನಾನು ಕೆಲಸ ಮರೆತು ಗಿಡದಿಂದ ಗಿಡಕ್ಕೆ ಹೋಗಿ ಕೇಳುತ್ತ ನಿಂತಿದ್ದೆ.

ಕೊಡಗಿನ ಕಿತ್ತಳೆ ಕುಸಿಯಲು ಹೇನೇ ಕಾರಣ ಎನ್ನಬಹುದೇ?

ಹೇನೇ ಎನ್ನಲಾಗದು, ಹೇನೂ ಹೌದು. ಬೇರುಕೊಳೆ, ಗ್ರೀನಿಂಗ್ ರೋಗ, ಮಣ್ಣಿನ ಸತ್ವ, ನಿಗಾ ಎಲ್ಲವೂ ಸೇರಿವೆ. ಅವುಗಳ ನಡುವೆ ಟ್ರಿಸ್ಟೆಜಾ ಎಂಬ ನಂಜುರೋಗವನ್ನು ಹರಡುವುದು ಹೇನು. ಅದರಲ್ಲಿ ಅತಿ ಚುರುಕಿನ ವಾಹಕ ಟಾಕ್ಸಾಪ್ಟೆರಾ ಸಿಟ್ರಿಸಿಡಾ ಎಂಬ ಕಂದುಕಪ್ಪು ಹೇನು. ಹತ್ತಿಯ ಹೇನಾದ ಏಫಿಸ್ ಗಾಸಿಪಿಯೈ, ಹಸಿರು ಬಣ್ಣದ ಏಫಿಸ್ ಸ್ಪೈರಿಕೋಲಾ, ಮೇಲೆ ಹೇಳಿದ ಕಾಫಿಯ ಹೇನು ಇವೂ ಕಿತ್ತಳೆ ಚಿಗುರಿಗೆ ಬರುತ್ತವೆ.

ಎರಡು ಕಪ್ಪು ಹೇನುಗಳನ್ನು ಬೇರ್ಪಡಿಸಲು ರೆಕ್ಕೆಯ ಹೇನು ಬೇಕು. ಮುಂರೆಕ್ಕೆಯ ನಡುವಿನ ನರ ಒಂದೇ ಸಲ ಕವಲೊಡೆದಿದ್ದು, ರೆಕ್ಕೆಯಂಚಿನ ಮಚ್ಚೆ ಕಪ್ಪಾಗಿದ್ದರೆ ಆರಾಂಟಿಯೈ. ಎರಡು ಸಲ ಕವಲೊಡೆದಿದ್ದು, ಮೀಸೆಯ ಮೂರನೆಯ ಗೆಣ್ಣು ಪೂರ್ತಿ ಕಪ್ಪಾಗಿದ್ದರೆ ಸಿಟ್ರಿಸಿಡಾ. 2006ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಿತ್ತಳೆಯನ್ನು ಉಳಿಸಬೇಕೆನ್ನುವವರು ಗಿಡ ಕೊಳ್ಳುವಾಗಲೇ ಎಚ್ಚರ ವಹಿಸಬೇಕು, ಏಕೆಂದರೆ ಕಸಿಗೆ ಬಳಸುವ ಕಡ್ಡಿಯಲ್ಲಿಯೂ ಟ್ರಿಸ್ಟೆಜಾ ಬರುತ್ತದೆ. ನಂಜಿಲ್ಲದ ತಾಯಿಗಿಡದ ಸಸಿಗಾಗಿ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸಿ.

ಕಾಳುಮೆಣಸು?

ಎಲೆ ಕಿರಿದಾಗಿ, ಬಳ್ಳಿ ಕುಗ್ಗುವ ನಂಜುರೋಗದಲ್ಲಿ ಎರಡು ವೈರಸ್‌ಗಳ ಪಾತ್ರವಿದೆ. ಒಂದನ್ನು ಹೇನು ಹರಡುತ್ತದೆ, ಇನ್ನೊಂದನ್ನು ಹಿಟ್ಟು ತಿಗಣೆ. ಆದರೆ ಎರಡಕ್ಕೂ ಮುಖ್ಯ ದಾರಿ ರೋಗದ ಬಳ್ಳಿಯಿಂದ ಕತ್ತರಿಸಿ ತಂದ ತುಂಡು.

ಗದ್ದೆಯ ಭತ್ತದಲ್ಲಿಯೂ ಹುಲ್ಲಿನಲ್ಲಿಯೂ ಹೇನು ಇರುತ್ತದೆಯೇ?

ಇರುತ್ತದೆ. ಕೆಲವು ಮಣ್ಣಿನೊಳಗೆ ಇರುತ್ತವೆ. ಟೆಟ್ರಾನ್ಯೂರಾ ನೈಗ್ರಿಅಬ್ಡಾಮಿನಾಲಿಸ್ ಎಂಬ ದುಂಡನೆಯ ಹೇನು ಹುಲ್ಲು, ರಾಗಿ, ನೀರು ನಿಲ್ಲಿಸದೆ ಬೆಳೆಯುವ ಕರಭತ್ತಗಳ ಬೇರಿನಲ್ಲಿರುತ್ತದೆ. ನೀರು ನಿಂತ ಗದ್ದೆ ಅದಕ್ಕೆ ಆಗದು. ತಂಪು ದೇಶಗಳಲ್ಲಿ ಇದು ಚಳಿಗಾಲಕ್ಕೆ ಎಲ್ಮ್ ಮರಕ್ಕೆ ಹೋಗಿ ಮೊಟ್ಟೆಯಿಟ್ಟು, ಬೇಸಗೆಗೆ ಹುಲ್ಲಿನ ಬೇರಿಗೆ ಮರಳುತ್ತದೆ. ಇಲ್ಲಿ ಆ ಮರವಿಲ್ಲ, ಆ ಚಳಿಯೂ ಇಲ್ಲ. ಹಾಗಾಗಿ ಗಂಡಿಲ್ಲದೆ, ಮೊಟ್ಟೆಯಿಲ್ಲದೆ ವರ್ಷಪೂರ್ತಿ ಬೇರಿನಲ್ಲಿಯೇ ಹೆಣ್ಣುಗಳ ಪರಂಪರೆ ಸಾಗುತ್ತದೆ. ಕೊಡಗಿನ ಬಹುತೇಕ ಹೇನುಗಳ ಬದುಕು ಇದೇ ರೀತಿಯದು. ತೆನೆ ಮತ್ತು ಹೂಗೊಂಚಲಿನಲ್ಲಿ ಕಾಣುವ, ತುಕ್ಕಿನ ಬಣ್ಣದ ಮೈ ಮತ್ತು ಬಿಳಿಯ ಬಾಲದ ಹೇನು ಹಿಸ್ಟೆರೋನ್ಯೂರಾ ಸೆಟಾರಿಯೇ. ಕುಶಾಲನಗರದ ಕಡೆ ಮೆಕ್ಕೆಜೋಳದ ಸುಳಿಯಲ್ಲಿ ನೀಲಿಹಸಿರಾಗಿ ತುಂಬಿಕೊಳ್ಳುವುದು ರೋಪಲೋಸೈಫಮ್ ಮೇಡಿಸ್.

ಬಿದಿರು, ಅತ್ತಿ, ಹಲಸು ಮುಂತಾದ ಮರಗಳಲ್ಲಿ?

ವಿದ್ಯಾರ್ಥಿಗಳು ಮೊದಲು ನೋಡಬೇಕಾದದ್ದು ಇವುಗಳನ್ನೇ. ಅತ್ತಿಯ ಬಳಗದ ನೆರಳುಮರಗಳ ಚಿಗುರಿನಲ್ಲಿ ಗ್ರೀನಿಡಿಯಾ ಕುಲದ ಹೇನುಗಳಿರುತ್ತವೆ. ಅವುಗಳ ಬೆನ್ನಿನ ಕೊಳವೆಗಳು ವಿಪರೀತ ಉದ್ದ, ಕೊಳವೆಯ ತುಂಬ ರೋಮ. ಈ ಕುಲದವು ಅತ್ತಿಯಲ್ಲಿ ಒಂದು, ಪೇರಳೆಯಲ್ಲಿ ಒಂದು, ಹಲಸಿನಲ್ಲಿ ಇನ್ನೊಂದು ಎಂಬಂತೆ ಮರಗಳನ್ನು ಹಂಚಿಕೊಂಡಿವೆ. ಬಿದಿರನ್ನು ನೆಚ್ಚಿದ ಆಸ್ಟೆಗಾಪ್ಟೆರಿಕ್ಸ್ ಮತ್ತು ಸ್ಯೂಡೋರೆಗ್ಮಾ ಕುಲಗಳ ಹೇನುಗಳಿಗೆ ತಲೆಯ ಮೇಲೆ ಪುಟ್ಟ ಕೊಂಬುಗಳಿರುತ್ತವೆ. ಸ್ಯೂಡೋರೆಗ್ಮಾದಲ್ಲಿ ಸೈನಿಕರೂ ಇದ್ದಾರೆ: ಮೊದಲ ಹಂತದ ಕೆಲವು ಮರಿಗಳು ಎಂದೂ ಬೆಳೆಯದೆ, ಗುಂಪನ್ನು ತಿನ್ನಲು ಬಂದ ಹುಳುಗಳನ್ನು ದಪ್ಪ ಮುಂಗಾಲುಗಳಿಂದ ಹಿಡಿದು ಕೊಂಬಿನಿಂದ ಚುಚ್ಚುತ್ತವೆ. ಅಕ್ಕತಂಗಿಯರ ಸಲುವಾಗಿ ಸಾಯುವ ಈ ಮರಿಗಳನ್ನು ಕಂಡವರು ಹೇನನ್ನು ಬರಿಯ ಪೀಡೆ ಎನ್ನಲಾರರು.

ಎಕ್ಕದ ಗಿಡದ ಹಳದಿ ಹೇನು ತರಕಾರಿಗೆ ಹಬ್ಬುತ್ತದೆಯೇ?

ಹಬ್ಬುವುದಿಲ್ಲ. ಅದು ಏಫಿಸ್ ನೀರಿಯೈ. ಎಕ್ಕ, ಕಣಗಿಲೆಯಂತಹ ಹಾಲು ಸುರಿಯುವ ಗಿಡಗಳೇ ಅದರ ಮನೆ. ಆ ಹಾಲಿನ ವಿಷವನ್ನು ತನ್ನ ಮೈಯಲ್ಲಿ ತುಂಬಿಕೊಳ್ಳುತ್ತದೆ. ತರಕಾರಿಯ ಹೇನುಗಳೇ ಬೇರೆ. ಅಲಸಂದೆ, ಅವರೆ ಮತ್ತು ಗೊಬ್ಬರದ ಗಿಡ ಗ್ಲಿರಿಸಿಡಿಯಾದಲ್ಲಿ ಮಿರಿಮಿರಿ ಕಪ್ಪಗಿರುವುದು ಏಫಿಸ್ ಕ್ರ್ಯಾಕಿವೋರಾ. ಎಲೆಕೋಸಿನಲ್ಲಿ ಬೂದಿ ಬಳಿದಂತೆ ಕಾಣುವುದು ಬ್ರೆವಿಕೊರೈನ್ ಬ್ರಾಸಿಕೇ. ಬದನೆ, ಬೆಂಡೆ, ಸೌತೆ, ದಾಸವಾಳಗಳಲ್ಲಿ ಹಳದಿಯಿಂದ ಕಡುಹಸಿರಿನವರೆಗೆ ಬಣ್ಣ ಬದಲಿಸುವುದು ಹತ್ತಿಯ ಹೇನು. ಬಣ್ಣ ನೋಡಿ ಹೆಸರಿಡಬೇಡಿ ಎಂದು ನಾನು ಹೇಳುವುದು ಇದರಿಂದಲೇ.

ಕಳೆಗಳಲ್ಲಿ ಗಮನಿಸಬೇಕಾದದ್ದು ಕಮ್ಯುನಿಸ್ಟ್ ಗಿಡ. ಅದರ ತುದಿಯಲ್ಲಿ ಏಫಿಸ್ ಸ್ಪೈರಿಕೋಲಾ ದಂಡಿಯಾಗಿರುತ್ತದೆ, ಅದು ಕಿತ್ತಳೆಗೂ ಬರುವ ಹೇನು.

ಯಾವ ತಿಂಗಳಲ್ಲಿ ಹೆಚ್ಚು? ಒಂದು ವಾರದಲ್ಲಿ ಗಿಡ ತುಂಬುವುದು ಹೇಗೆ?

ಮಳೆ ನಿಂತ ಮೇಲೆ, ನವೆಂಬರಿನಿಂದ ಮೇವರೆಗೆ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗಿನ ಮಡಿಕೇರಿ, ಭಾಗಮಂಡಲದ ಜಡಿಮಳೆ ತೆರೆದ ಚಿಗುರಿನ ಹೇನುಗಳನ್ನು ತೊಳೆದುಬಿಡುತ್ತದೆ, ಉಳಿದವನ್ನು ಬೂಷ್ಟು ರೋಗ ಹಿಡಿಯುತ್ತದೆ. ಕವಚದೊಳಗಿನ ಏಲಕ್ಕಿಯ ಹೇನು ಮಾತ್ರ ಬದುಕುಳಿಯುತ್ತದೆ. ಮಳೆ ಕಡಿಮೆಯಿರುವ ಪೂರ್ವದ ಬಯಲಂಚಿನಲ್ಲಿ ತರಕಾರಿಯ ಹೇನುಗಳ ಕಾಟ ಹೆಚ್ಚಿರುವುದೂ ಈ ಕಾರಣಕ್ಕೇ.

ವೇಗದ ಗುಟ್ಟು ಇದು. ಹೆಣ್ಣು ಹೇನು ಗಂಡಿನ ನೆರವಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಅದರ ಮರಿ ಆಗಲೇ ರೂಪುಗೊಳ್ಳುತ್ತಿರುತ್ತದೆ, ಅಜ್ಜಿ, ತಾಯಿ, ಮಗಳು ಒಂದೇ ಮೈಯಲ್ಲಿ. ನಾಲ್ಕು ಸಲ ಪೊರೆ ಕಳಚಿ ಏಳರಿಂದ ಹತ್ತು ದಿನಗಳಲ್ಲಿ ಮರಿಯೂ ತಾಯಿಯಾಗುತ್ತದೆ. ಗಿಡದಲ್ಲಿ ಇಕ್ಕಟ್ಟಾದಾಗ ರೆಕ್ಕೆಯ ಹೇನುಗಳು ಹುಟ್ಟಿ ಹೊರಡುತ್ತವೆ.

ಔಷಧಿ ಹೊಡೆಯಬೇಕೇ, ಬೇಡವೇ?

ಮೊದಲು ಆ ಚಿಗುರನ್ನು ಐದು ನಿಮಿಷ ನೋಡಿ. ಗುಲಗಂಜಿ ಹುಳು ಮತ್ತು ಅದರ ಮರಿ, ಕಾಲಿಲ್ಲದೆ ತೆವಳುವ ಹೂನೊಣದ ಮರಿ, ಉಬ್ಬಿ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾದ ಹೇನುಗಳು ಕಂಡರೆ ಕೈ ತಡೆಯಿರಿ. ಆ ಉಬ್ಬಿದ ಹೇನಿನೊಳಗೆ ಪುಟ್ಟ ಕಣಜದ ಮರಿ ಬೆಳೆಯುತ್ತಿರುತ್ತದೆ. 2002ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಕಬ್ಬಿಗೆ ಬಿಳಿ ಉಣ್ಣೆಹೇನು ಮುತ್ತಿದಾಗ ಕೊನೆಗೆ ಅದನ್ನು ಹತೋಟಿಗೆ ತಂದವು ಡಿಫಾ ಎಂಬ ಪತಂಗದ ಹುಳು, ಮೈಕ್ರೋಮಸ್ ಎಂಬ ಬಲೆರೆಕ್ಕೆಯ ಕೀಟ ಮತ್ತು ಎನ್ಕಾರ್ಸಿಯಾ ಎಂಬ ಕಣಜ.

ತರಕಾರಿಗೆ ಬೇಕೇಬೇಕು ಎನಿಸಿದರೆ ನೀರನ್ನು ರಭಸವಾಗಿ ಹಾಯಿಸಿ, ಇಲ್ಲವೇ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕಲಸಿ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಂಜೆ ಸಿಂಪಡಿಸಿ. ಇರುವೆಗಳು ಮರ ಹತ್ತದಂತೆ ತಡೆದರೂ ಅರ್ಧ ಕೆಲಸ ಆದಂತೆ, ಅಂಟು ಸವಿಯಲು ಬರುವ ಅವು ಗುಲಗಂಜಿ ಹುಳುವನ್ನು ಓಡಿಸುತ್ತವೆ. ಹೂಮಳೆ ಬಿದ್ದು ಕಾಫಿ ಅರಳಿದ ದಿನಗಳಲ್ಲಿ ಮಾತ್ರ ತೋಟದ ಹತ್ತಿರ ಯಾವ ಕೀಟನಾಶಕವನ್ನೂ ಎತ್ತಬೇಡಿ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದಕ್ಕೆ ಗಾಳಿಯ ಜೊತೆ ತುಡುವೆ ಜೇನೂ ಬೇಕು.

ಹೆಸರು ತಿಳಿಯಲು ಮಾದರಿ ಕಳುಹಿಸುವುದು ಹೇಗೆ?

ಹೇನನ್ನು ಬೆರಳಿನಿಂದ ಹಿಡಿಯಬೇಡಿ, ಕಾಲು ಮತ್ತು ಮೀಸೆ ಮುರಿಯುತ್ತವೆ. ಒದ್ದೆ ಮಾಡಿದ ಸಣ್ಣ ಕುಂಚದಿಂದ ಮೆಲ್ಲಗೆ ತಟ್ಟಿ, ಸೂಜಿಬಾಯಿಯನ್ನು ಹೊರತೆಗೆಯಲು ಒಂದು ಗಳಿಗೆ ಬಿಟ್ಟು, ಅನಂತರ ಎತ್ತಿ 70 ಶೇಕಡಾ ಆಲ್ಕೋಹಾಲ್ ಇರುವ ಸೀಸೆಗೆ ಹಾಕಿ. ಒಂದೇ ಗುಂಪಿನಿಂದ ರೆಕ್ಕೆಯವು, ರೆಕ್ಕೆಯಿಲ್ಲದವು, ಮರಿಗಳು ಎಲ್ಲವೂ ಇರಲಿ. ಬೇರೆ ಬೇರೆ ಗಿಡದವನ್ನು ಒಂದೇ ಸೀಸೆಯಲ್ಲಿ ಬೆರೆಸಬೇಡಿ. ಜೀವಂತವಿದ್ದಾಗಿನ ಬಣ್ಣ, ಊರು, ಎತ್ತರ, ದಿನಾಂಕ, ಇರುವೆ ಇತ್ತೇ ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಸೀಸೆಯೊಳಗೇ ಹಾಕಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಕೀಟಗಳನ್ನು ಗುರುತಿಸುವ ತಜ್ಞರಿದ್ದಾರೆ. ಗಿಡದ ಹೆಸರು ತಿಳಿಯದಿದ್ದರೆ ಹೂವೋ ಕಾಯೋ ಇರುವ ಒಂದು ರೆಂಬೆಯನ್ನು ದಿನಪತ್ರಿಕೆಯ ನಡುವೆ ಒತ್ತಿಟ್ಟು ಸೀಸೆಯ ಜೊತೆಯಲ್ಲಿಯೇ ಕೊಡಿ.